ಕಾಸ್ಟಿಕ್ ನೀರು

ನಮ್ಮ ಮನೆಯಲ್ಲಿ ಈಗ ಬಟ್ಟೆ ಒಗೆಯುವ ಮಷೀನು ಇದೆ. ಅದರ ಬುಡದಲ್ಲೇ ಸಾಬೂನು ನೀರಿನ ಬಾಟಲಿ ಇಟ್ಟಿರುತ್ತಾರೆ, ಅಂಬೆಗಾಲಿಡುವ ಮರಿಮಗ ಅಲ್ಲೇ ಹರಿದಾಡುತ್ತಾನೆ. ಮೇಲೆ ಇಡಿ ಎಂದರೆ "ಅಮ್ಮಮ್ಮಂಗೆ ಬೆಳಗಾದ್ರೆ ಇದೇ ಆತು" ಎಂದು ನಗುತ್ತಾರೆ. ನಗಲಿ. ಬಾಯಲ್ಲಿ ಹೇಳಲು ಹೊರಟರೆ ಅರ್ಧದಲ್ಲೇ ಎದ್ದು ಹೋಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಸ್ವಲ್ಪ ವರ್ಷವಾಗಿತ್ತು. ಹೊನ್ನಾವರದ ಹೊಳೆಗೆ ಸೇತುವೆ ಆಗಿರಲಿಲ್ಲ. ಕಾಗಾಲದಲ್ಲಿ ಹುಟ್ಟಿದ ನಾನು ಮದುವೆಯಾಗಿ ಮಂಕಿಗೆ ಬಂದಿದ್ದೆ. ಮನೆಯಲ್ಲಿ ಅತ್ತೆ, ನಾನು, ಒಂದೂವರೆ ವರ್ಷದ ಮಗಳು. ಗಂಡ ಹೊನ್ನಾವರದಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅಂಗಡಿಯಲ್ಲಿ ಕಮಟು ಹಿಡಿದ ಎಣ್ಣೆ ಇದ್ದರೆ ಡಬ್ಬಿಯಲ್ಲಿ ತರುತ್ತಿದ್ದರು. ಆ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸಾಬೂನು ಮಾಡುವುದನ್ನು ಯಾರೋ ಹೇಳಿಕೊಟ್ಟಿದ್ದರು. ಅಲ್ಲಿಯವರೆಗೆ ನಮ್ಮ ಬಟ್ಟೆಗೆ ಬೂದಿ ನೀರು, ಅಂಟುವಾಳ ಕಾಯಿ, ಅಷ್ಟೆ.

ಸಾಬೂನು ಮಾಡಿ ಉಳಿದ ಕಾಸ್ಟಿಕ್ ನೀರನ್ನು ಅತ್ತೆ ಚೆಲ್ಲಲಿಲ್ಲ. ಉಪ್ಪಿನಕಾಯಿಯ ಹಳೇ ಭರಣಿಯಲ್ಲಿ ಹಾಕಿ ಬಚ್ಚಲ ಮನೆಯ ಮೂಲೆಯಲ್ಲಿ ಇಟ್ಟರು. ಬಟ್ಟೆ ಬೇಯಿಸುವಾಗ ಹಂಡೆಗೆ ಅದನ್ನು ಸ್ವಲ್ಪ ಹಾಕಿದರೆ ಎಂಥ ಕೊಳೆಯೂ ಬಿಡುತ್ತಿತ್ತು. ಅತ್ತೆಗೆ ಅದರ ಮೇಲೆ ಬಹಳ ಪ್ರೀತಿ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಕಲ್ಲು ಹೇರಿ ಇಟ್ಟಿದ್ದರು. ಜಾಗ್ರತೆಯ ಹೆಂಗಸು ಅವರು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿದರೆ ಅದು ಆರುವವರೆಗೆ ಅಟ್ಟದ ಮೇಲೆ. ಬಾವಿಗೆ ಅಡ್ಡ ಹಲಗೆ. ಹಂಡೆಯ ಒಲೆಯ ಸುತ್ತ ಇದ್ದಿಲಿನಿಂದ ಒಂದು ಗೆರೆ ಎಳೆದು, ಅದನ್ನು ದಾಟಿದ ಮಗುವಿನ ಕಾಲಿಗೆ ಒಂದು ಏಟು. ನನ್ನ ಮಗಳು ಮಾತು ಕಲಿಯುವ ಮೊದಲೇ ಆ ಗೆರೆ ಕಲಿತಿದ್ದಳು.

ಈಗಿನವರಿಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಆಗ ನಾವು ತಿಂಗಳ ಮುಟ್ಟಿನಲ್ಲಿ ಒಳಗೆ ಬರುವ ಹಾಗಿರಲಿಲ್ಲ. ಬಚ್ಚಲ ಪಕ್ಕದ ಚಾವಡಿಯಲ್ಲಿ ಕೂರಬೇಕು. ಆದರೆ ಕೂರುವುದೆಂದರೆ ಸುಮ್ಮನೆ ಕೂರುವುದಲ್ಲ. ಹೊದಿಕೆ, ಕೌದಿ, ಮಗುವಿನ ಹೊಲಸು ಬಟ್ಟೆ, ಇವನ್ನೆಲ್ಲ ಬೇಯಿಸಿ ಒಗೆಯುವ ಕೆಲಸ ಆ ದಿನಗಳಿಗೇ ಕಾದಿರುತ್ತಿತ್ತು. ನಾನು ಒಗೆದು ಹರವುವುದು, ಅತ್ತೆ ಅದರ ಮೇಲೆ ನೀರು ಹೊಯ್ದು ಎತ್ತಿಕೊಳ್ಳುವುದು. ಮನೆಯ ಪಾತ್ರೆ ಯಾವುದನ್ನೂ ನಾನು ಮುಟ್ಟುವಂತಿಲ್ಲ. ನನಗೆಂದು ಒಂದು ಹಿತ್ತಾಳೆ ಲೋಟ. ಅದನ್ನು ನೆಲದ ಮೇಲಿಟ್ಟು ದೂರ ಸರಿದರೆ ಅತ್ತೆ ಬಂದು ಎತ್ತರದಿಂದ ಹೊಯ್ಯುತ್ತಿದ್ದರು. ನೀರಾದರೆ ನೀರು, ಚಹಾ ಆದರೆ ಚಹಾ.

ಮಗು ಇನ್ನೂ ಮೊಲೆ ಬಿಟ್ಟಿರಲಿಲ್ಲ. ನನ್ನನ್ನು ಮುಟ್ಟಿದರೆ ಅದಕ್ಕೂ ಮೈಲಿಗೆ. ಅದಕ್ಕೊಂದು ದಾರಿ ಮಾಡಿದ್ದರು. ಮೈಮೇಲಿನ ಅಂಗಿ ಕಳಚಿ, ಉಡದಾರವೊಂದನ್ನೇ ಬಿಟ್ಟು ನನ್ನ ಹತ್ತಿರ ಕಳಿಸುವುದು. ಬತ್ತಲೆ ಮಗುವಿಗೆ ಮೈಲಿಗೆ ಇಲ್ಲವಂತೆ. ಅಂಗಿ ಬಿಚ್ಚಿದರೆ ಸಾಕು, ಆಯಿಯ ಹತ್ತಿರ ಹೋಗುವುದೆಂದು ನನ್ನ ಮಗಳಿಗೆ ಗೊತ್ತಾಗಿ ಕೇಕೆ ಹಾಕುತ್ತಿದ್ದಳು. ನನ್ನ ಲೋಟದಲ್ಲೇ ಅವಳೂ ಕುಡಿಯುತ್ತಿದ್ದಳು. ಅಜ್ಜಿ ಮೇಲಿಂದ ಹೊಯ್ದದ್ದು ಕುಡಿಯುವಂಥದ್ದು, ಅವಳಿಗೆ ತಿಳಿದಿದ್ದು ಇಷ್ಟೆ.

ಆ ದಿನ ನಾನು ಹೊರಗೆ, ಮಗುವನ್ನು ಅಂಗಿ ಬಿಚ್ಚಿ ನನ್ನ ಹತ್ತಿರ ಕಳಿಸಿದ್ದರು. ಚಾವಡಿಯ ಎದುರಿನ ಹಂಡೆಯಲ್ಲಿ ಕೌದಿ ಬೇಯುತ್ತಿತ್ತು. ಕಾಸ್ಟಿಕ್ ನೀರು ಬೇಕೆಂದು ಕೂಗಿದೆ. ಭರಣಿ ನಾನು ಮುಟ್ಟುವ ಹಾಗಿಲ್ಲ. ಹಂಡೆಯ ಹತ್ತಿರ ನಾನಿದ್ದೆ, ಅತ್ತೆ ಅಲ್ಲಿಗೆ ಬರುವ ಹಾಗಿಲ್ಲ. ಅವರು ಸೌಟಿನಲ್ಲಿ ತಂದು ಚಾವಡಿಯ ಮೆಟ್ಟಿಲ ಮೇಲಿದ್ದ ನನ್ನ ಲೋಟಕ್ಕೆ ಹೊಯ್ದರು.

"ಲೋಟದಲ್ಲಿ ಇದ್ದು, ಬೇಗ ಹಂಡೆಗೆ ಹಾಕೇ" ಎಂದು ಒಳಗೆ ಹೋದರು.

ಅಷ್ಟರಲ್ಲಿ ಹಂಡೆ ಉಕ್ಕಿತು. ಉಕ್ಕಿದ ನೀರು ಒಲೆಗೆ ಬಿದ್ದು ಬುಸ್ಸೆಂದು ಹಬೆ ಎದ್ದಿತು. ಮಗು ಆ ಕಡೆಗೆ ಎರಡು ಹೆಜ್ಜೆ ಇಟ್ಟಳು. "ಹೋಗಡ, ಅಲ್ಲೇ ಕೂರು" ಎಂದು ಗದರಿದೆ. ಅವಳು ಹಿಂದೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾನು ಕೋಲು ತೆಗೆದುಕೊಂಡು ಕೌದಿಯನ್ನು ಒಳಗೆ ಒತ್ತುತ್ತಿದ್ದೆ. ಮಗು ಬೆಂಕಿಗೆ ಬರಬಾರದೆಂದು ಮೈಯೆಲ್ಲ ಕಣ್ಣಾಗಿದ್ದೆ. ಬರಲಿಲ್ಲ. ಹೇಳಿದ ಮಾತು ಕೇಳಿ ಲೋಟದ ಪಕ್ಕದಲ್ಲಿ ಕೂತಿದ್ದಳು.

ಲೋಟ ಉರುಳಿದ ಸಪ್ಪಳ ಕೇಳಿತು. ಆಮೇಲೆ ಕೂಗು. ಮಕ್ಕಳು ಬಿದ್ದಾಗ ಅಳುವ ಅಳುವಲ್ಲ ಅದು. ಎತ್ತಿಕೊಂಡು ನೋಡಿದರೆ ತುಟಿ ಬೆಳ್ಳಗೆ ಬೆಂದ ಹಾಗೆ, ನಾಲಿಗೆ ಸಾಬೂನಿನ ಹಾಗೆ ಜಾರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು.

ಅತ್ತೆ ಓಡಿ ಬಂದರು. "ಎಂತಾ ಆತೇ? ನಿನ್ನ ಕಣ್ಣು ಎಲ್ಲಿತ್ತು?"

"ಹಂಡೆ ಮೇಲೆ ಇತ್ತು" ಎಂದೆ.

ಅತ್ತೆ ಒಳಗೆ ಹೋಗಿ ಲಿಂಬೆ ಹಣ್ಣು ಹಿಂಡಿಕೊಂಡು ಬಂದರು. ಸೋಡಾಕ್ಕೆ ಹುಳಿ ಹಾಕಿದರೆ ಅದರ ಸೊಕ್ಕು ಇಳಿಯುತ್ತದೆ ಎಂದು ಅವರ ಲೆಕ್ಕ. ಮಗುವಿನ ಬಾಯಿಗೆ ಅದು ತಾಗಿದ್ದೇ ತಡ, ಹಾವಿನಂತೆ ಹೊರಳಿತು. ಅಂಗಳ ಗುಡಿಸುತ್ತಿದ್ದ ಕೆಲಸದ ಹೆಂಗಸು ಪೊರಕೆ ಬಿಸಾಡಿ ಬಂದು, "ಹುಳಿ ಬ್ಯಾಡ್ರೇ ಅಮ್ಮಾ, ಕಕ್ಕಿಸ್ಬೇಕು, ಕಕ್ಕಿಸ್ರಿ" ಎಂದು ಬೊಬ್ಬೆ ಹೊಡೆದಳು. ಉಪ್ಪುನೀರು ತಂದರು. ಗಂಟಲಿಗೆ ಬೆರಳು ಹಾಕಿದರು. ಮಗು ಕಕ್ಕಿತು, ರಕ್ತ ಬಂತು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಟ್ಟಿತು. ಇದನ್ನು ಆಮೇಲೆ ಡಾಕ್ಟರು ಹೇಳಿದರು. ಓದುವವರು ಈಗಲೇ ತಿಳಿದುಕೊಳ್ಳಿ: ಹುಳಿ ಹಾಕಬೇಡಿ, ಕಕ್ಕಿಸಬೇಡಿ. ಬಾಯಿ ತೊಳೆದು, ನುಂಗುವುದಾದರೆ ಒಂದೆರಡು ಗುಟುಕು ನೀರೋ ಹಾಲೋ ಕೊಟ್ಟು, ಎತ್ತಿಕೊಂಡು ಓಡಿ.

ನಾನು ಓಡಿದೆ. ಹಿಂದಿನಿಂದ ಅತ್ತೆ "ತಲೆ ಮೇಲೆ ನೀರು ಹೊಯ್ಕಂಡಾದ್ರೂ ಹೋಗೇ" ಎಂದರು. ಮುಟ್ಟಾದವಳು ಹೊಸಿಲು ದಾಟಿ ಊರು ತಿರುಗುವುದೆಂದರೆ ಅವರಿಗೆ ಎದೆ ಒಡೆಯುವ ಮಾತು. ನನಗೆ ಕೇಳಿಸಿತು. ನಿಲ್ಲಲಿಲ್ಲ.

ರಸ್ತೆಗೆ ಬಂದರೆ ಬಸ್ಸಿಲ್ಲ. ಭಟ್ಕಳದ ಕಡೆಯಿಂದ ಮೀನಿನ ಲಾರಿಯೊಂದು ಬಂತು. ಕೈ ಅಡ್ಡ ಹಿಡಿದು ರಸ್ತೆಯ ನಡುವೆ ನಿಂತೆ. ಡ್ರೈವರ್ ಬೈಯಲೆಂದೇ ತಲೆ ಹೊರಗೆ ಹಾಕಿದ. ಮಗುವಿನ ಬಾಯಿ ನೋಡಿ ಬೈಗುಳ ನುಂಗಿದ.

"ಯಾ ಅಲ್ಲಾ! ಹತ್ತಿ ಅಮ್ಮಾ, ಹತ್ತಿ. ಬಚ್ಚಿಗೆ ಏನಾತು?"

"ಬಟ್ಟೆ ಸೋಡಾ ಕುಡಿದ್ದು."

ಅವನು ಮೀನಿನ ಬುಟ್ಟಿ ಸರಿಸಿ ನನಗೆ ಜಾಗ ಮಾಡಿದ. ಗೇರು ಹಾಕಿದವನು ಹೊಳೆಯ ದಂಡೆಯವರೆಗೆ ತೆಗೆಯಲೇ ಇಲ್ಲ. ಜನ್ಮದಲ್ಲಿ ಮೀನಿನ ವಾಸನೆ ಹತ್ತಿರ ಬಿಟ್ಟುಕೊಳ್ಳದವಳು ನಾನು. ಆ ದಿನ ಬುಟ್ಟಿಗೆ ಒರಗಿ ಕೂತಿದ್ದೆ, ವಾಸನೆ ಬಂತೋ ಇಲ್ಲವೋ ನೆನಪಿಲ್ಲ.

ಕಾಸರಕೋಡಿನ ದಂಡೆಯಲ್ಲಿ ಲಾಂಚು ಇರಲಿಲ್ಲ. ಆಚೆ ಹೊನ್ನಾವರದ ಧಕ್ಕೆಯಲ್ಲಿ ಜನ ಹತ್ತಿಸಿಕೊಳ್ಳುತ್ತಾ ನಿಂತಿತ್ತು. ನೀರಿನ ಆಚೆ ದವಾಖಾನೆ, ಗಂಡನ ಅಂಗಡಿ, ಎಲ್ಲ ಕಾಣುವಷ್ಟು ಹತ್ತಿರ. ಮಗುವಿನ ಉಸಿರು ಸೀಟಿ ಹಾಕಲು ಶುರುವಾಗಿತ್ತು. ನಾನು ನೀರಿಗಿಳಿದು ಮೊಣಕಾಲವರೆಗೆ ಹೋದೆ, ಹೋದರೆ ಏನು ಮಾಡುತ್ತೇನೆ ಎಂದು ಗೊತ್ತಿಲ್ಲದೆ. ಡ್ರೈವರನೇ ಬಂದು ಸೆರಗು ಹಿಡಿದು ಎಳೆದ. ಬಲೆ ಒಣಗಿಸುತ್ತಿದ್ದ ಖಾರ್ವಿಯೊಬ್ಬನನ್ನು ಬೈದು ಎಬ್ಬಿಸಿ ಅವನ ದೋಣಿ ನೀರಿಗಿಳಿಸಿದ. ಇಳಿತದ ಹೊತ್ತು, ನೀರು ಸಮುದ್ರದ ಕಡೆ ಎಳೆಯುತ್ತಿತ್ತು. ಆ ಖಾರ್ವಿ ಹುಟ್ಟು ಹಾಕುತ್ತಾ ಕೊಂಕಣಿಯಲ್ಲಿ ದೇವರನ್ನು ಕರೆದ, ನಡುನಡುವೆ ಬೈದ. ನಾನು ಯಾರನ್ನೂ ಕರೆಯಲಿಲ್ಲ. ಮಗುವಿನ ಮೂಗಿನ ಮುಂದೆ ಬೆರಳು ಹಿಡಿದು ಕೂತಿದ್ದೆ.

ದವಾಖಾನೆಯಲ್ಲಿ ಮಗು ಸಾಯಲಿಲ್ಲ. ಎಷ್ಟೋ ದಿನ ಸೂಜಿಯ ನೀರಿನಲ್ಲೇ ಇಟ್ಟರು. ಆಮೇಲೆ ಹಾಲು ಇಳಿಯಿತು, ಗಂಜಿ ಇಳಿಯಿತು. ಬಾಯಿಯ ಹುಣ್ಣು ಮಾಯಿತು. ಗಂಡ ದೇವರಿಗೆ ಕಾಯಿ ಒಡೆಸಿದರು. ಅತ್ತೆ ಉಳಿದ ಕಾಸ್ಟಿಕ್ಕನ್ನು ಭರಣಿಯ ಸಮೇತ ಹಿತ್ತಲಿನಲ್ಲಿ ಹೂಳಿಸಿದರು. ಆತು, ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ. ಸ್ವಲ್ಪ ದಿನದಲ್ಲೇ ಅನ್ನ ಇಳಿಯದಾಯಿತು. ಆಮೇಲೆ ಗಂಜಿ. ಆಮೇಲೆ ಹಾಲು ಕೂಡ ಮೂಗಿನಿಂದ ಹೊರಗೆ. ಮೈ ತುಂಬಿದ ಮಗು ಕೈಕಾಲು ಕಡ್ಡಿಯಾಗಿ, ಹೊಟ್ಟೆ ಬೆನ್ನಿಗೆ ಹತ್ತಿತು. ನಾವು ಉಣ್ಣುವಾಗ ಎಲೆಯ ಮುಂದೆ ಬಂದು ಕೂತು, ನಮ್ಮ ಕೈ ಬಾಯಿಗೆ ಹೋದಾಗ ತಾನೂ ಬಾಯಿ ತೆರೆಯುತ್ತಿತ್ತು. ಅದರ ಎದುರು ನಾನು ಉಣ್ಣುವುದನ್ನು ಬಿಟ್ಟೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಳ್ಳಿಯ ಹಾಗೆ ತಿನ್ನುತ್ತಿದ್ದೆ.

ಕುಮಟೆಯಲ್ಲಿ ಒಬ್ಬ ಡಾಕ್ಟರರಿದ್ದಾರೆ ಎಂದರು. ಅವರು ನೋಡಿ ಹೇಳಿದರು: "ಸುಟ್ಟ ಅನ್ನನಾಳ ಮಾಯುವಾಗ ಕುಗ್ಗುತ್ತದೆ. ವಾರ ವಾರ ನಳಿಗೆ ಹಾಕಿ ಹಿಗ್ಗಿಸಬೇಕು. ಬಿಟ್ಟರೆ ಮುಚ್ಚಿ ಹೋಗುತ್ತದೆ."

"ಮುಚ್ಚಿದರೆ?"

"ಮುಚ್ಚಿದರೆ ಉಣ್ಣುವುದು ಹೇಗಮ್ಮಾ?" ಎಂದರು.

ಕುಮಟೆಯಲ್ಲಿ ಗಂಡನ ಅಕ್ಕನ ಮನೆ. ಅಲ್ಲಿ ಉಳಿದುಕೊಂಡೆ. ವಾರಕ್ಕೊಮ್ಮೆ ಮಗುವನ್ನು ಹಳೇ ಸೀರೆಯಲ್ಲಿ ಕೈಕಾಲು ಸೇರಿಸಿ ಸುತ್ತಿ ತೊಡೆಯ ಮೇಲೆ ಹಿಡಿದುಕೊಳ್ಳಬೇಕು. ಡಾಕ್ಟರು ರಬ್ಬರಿನ ನಳಿಗೆಯನ್ನು ಕುದಿಸಿ ಆರಿಸಿ, ಎಣ್ಣೆ ಸವರಿ ಗಂಟಲೊಳಗೆ ಇಳಿಸುತ್ತಿದ್ದರು. ಕಿರುಚಲೂ ಆಗದೆ ಮಗುವಿನ ಕಣ್ಣು ಹೊರಗೆ ಬರುತ್ತಿತ್ತು. ಆ ಕಣ್ಣು ನೋಡುತ್ತಿದ್ದುದು ಡಾಕ್ಟರನ್ನಲ್ಲ, ನನ್ನನ್ನು. ಕೆಲವು ವಾರಗಳಲ್ಲಿ ಅದು ನನ್ನ ಹತ್ತಿರ ಬರುವುದನ್ನೇ ಬಿಟ್ಟಿತು. ನಾನು ಸೀರೆ ಮಡಚಲು ತೆಗೆದರೂ ಸಾಕು, ಮಂಚದ ಕೆಳಗೆ ಹೋಗಿ ಅಡಗುತ್ತಿತ್ತು.

"ಕೂಸು ನಿನ್ನ ಕಂಡ್ರೆ ಓಡ್ತಲೇ ತಂಗಿ" ಎಂದು ಗಂಡನ ಅಕ್ಕ ಹೇಳಿದರು. "ಕಟುಕನ್ನ ಕಂಡಂಗೆ."

"ಓಡಲಿ. ಓಡೂಲೆ ಕಾಲು ಇದ್ದಲ್ದಾ" ಎಂದೆ.

ಮಳೆಗಾಲ ಹತ್ತಿರ ಬಂತು. ಬೇರೆಯವರ ಮನೆಯಲ್ಲಿ ಎಷ್ಟು ದಿನ ಅಂತ ಕೂರುವುದು? ಮಂಕಿಗೆ ಹೋದರೆ ಮಳೆಯಲ್ಲಿ ಹೊಳೆ ದಾಟಿ ವಾರ ವಾರ ಬರುವುದು ಸಾಧ್ಯವಿಲ್ಲದ ಮಾತು. ಇದನ್ನು ಹೇಳಿದಾಗ ಡಾಕ್ಟರು ನಳಿಗೆಯನ್ನು ನನ್ನ ಕೈಯಲ್ಲಿ ಕೊಟ್ಟರು. "ಕಲಿಯಿರಿ. ಒತ್ತಬೇಡಿ. ತಡೆದರೆ ನಿಲ್ಲಿಸಿ. ಒತ್ತಿದರೆ ಹರಿಯುತ್ತದೆ, ಹರಿದರೆ ಮಗು ಉಳಿಯುವುದಿಲ್ಲ." ಅವರು ಪಕ್ಕದಲ್ಲಿ ನಿಂತಿದ್ದಾಗ ಹಾಕಿದೆ. ಮುಂದಿನ ವಾರವೂ ನಾನೇ ಹಾಕಿದೆ. ನಂತರ ಆ ನಳಿಗೆಯನ್ನೂ ಕಟ್ಟಿಕೊಂಡು ಊರಿಗೆ ಹೊರಟೆ.

ಮನೆಯಲ್ಲಿ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಹಿಡಿಯಲು, ಒಬ್ಬರು ಹಾಕಲು. ಗಂಡ ಮನೆಗೆ ಬಂದ ದಿನ ಹಿಡಿಯುತ್ತಿದ್ದರು. ಹಿಡಿದು ಮುಖ ತಿರುಗಿಸಿ ಅಳುತ್ತಿದ್ದರು. ಅವರು ಅತ್ತರೆ ಮಗು ಅಲುಗಾಡುತ್ತದೆ ಎಂದು ನಾನು ಬೈಯುತ್ತಿದ್ದೆ. ಆಷಾಢದ ಮಳೆಯಲ್ಲಿ ಹೊಳೆ ಉಕ್ಕಿ ಲಾಂಚು ನಿಂತಿತು, ಗಂಡ ಆಚೆಯೇ ಉಳಿದರು. ಅದೇ ವಾರ ನಾನು ಮುಟ್ಟಾಗಿ ಹೊರಗೆ. ಮಗು ಹಿಂದಿನ ದಿನದಿಂದ ಗಂಜಿಯ ತಿಳಿಯನ್ನೂ ಉಗುಳುತ್ತಿತ್ತು.

ಚಾವಡಿಯಿಂದಲೇ ಅತ್ತೆಯನ್ನು ಕೂಗಿದೆ. "ಇವತ್ತು ಹಾಕವು. ನೀವು ಹಿಡ್ಕಳವು."

"ನೀನು ಮಿಂದಾದ ಮೇಲೆ ಹಾಕಿರೆ ಆಗ್ತಿಲ್ಯನೇ?"

"ಅಷ್ಟೊತ್ತಿಗೆ ಮುಚ್ಚಿರ್ತು."

ಅತ್ತೆ ಒಳಗೆ ಹೋದರು. ಹೋದವರು ಬರಲಿಲ್ಲ. ಅಂಗಳದಲ್ಲಿ ಮಳೆ ಹೊಯ್ಯುತ್ತಿತ್ತು. ಒಬ್ಬಳೇ ಹಾಕಿಬಿಡಲೇ ಎಂದುಕೊಂಡೆ. ಮಗುವಿನ ಕೈ ಕಟ್ಟಿ, ನನ್ನ ಎರಡು ಮೊಣಕಾಲ ನಡುವೆ ತಲೆ ಒತ್ತಿ ಹಿಡಿದು. ನಳಿಗೆ ಕೈಗೆ ತೆಗೆದುಕೊಂಡೆ ಕೂಡ. ತಲೆ ಒಂದಿಷ್ಟು ತಿರುಗಿದರೆ ಹರಿಯುತ್ತದೆ. ಹಾಕದಿದ್ದರೆ ಹಸಿದು ಸಾಯುತ್ತದೆ. ಯಾವುದಾದರೂ ಒಂದು ಬೇಗ ಆಗಲಿ ಎಂದು ಅನಿಸಿದ ಗಳಿಗೆಯೂ ಇತ್ತು. ಅದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಫಲವಿಲ್ಲ.

ಅತ್ತೆ ಬಂದರು. ಉಟ್ಟ ಮಡಿ ಸೀರೆ ಬಿಚ್ಚಿಟ್ಟು ಹರಕು ಸೀರೆ ಸುತ್ತಿಕೊಂಡಿದ್ದರು. ಚಾವಡಿಯಲ್ಲಿ ನನ್ನ ಎದುರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮಗುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದರು. ಹಿಡಿದದ್ದೆಂದರೆ ಹಿಡಿದದ್ದೇ, ಗೂಟ ಹೊಡೆದ ಹಾಗೆ.

"ಹಾಕು" ಎಂದರು.

ಹಾಕಿದೆ. ನಡುವೆ ತಡೆಯಿತು. ನಿಲ್ಲಿಸಿದೆ. ಮತ್ತೆ ಹಾಕಿದೆ, ಇಳಿಯಿತು. ಮಗು ಸಂಜೆ ಗಂಜಿ ಕುಡಿದು ಮಲಗಿತು. ಅತ್ತೆ ಬಾವಿಕಟ್ಟೆಯಲ್ಲಿ ಮಳೆಯಲ್ಲೇ ಕೊಡದ ಮೇಲೆ ಕೊಡ ಸುರಿದುಕೊಂಡು ಮಿಂದರು. ಅಲ್ಲಿಂದ ಮುಂದೆ ಬೇಕಾದಾಗೆಲ್ಲ ಬಂದು ಕೂರುತ್ತಿದ್ದರು. ನನ್ನ ಹೊರಗಿನ ದಿನಗಳು ಮಾತ್ರ ಹಾಗೆಯೇ ನಡೆದವು. ಬಟ್ಟೆ ಬೇಯಿಸುವ ದಿನ ಮಗು ಬಚ್ಚಲ ಕಡೆ ಬರಕೂಡದು, ಅಂಗಿ ಬಿಚ್ಚಿ ಕಳಿಸಕೂಡದು ಎಂದು ನಾನು ಹೇಳಿದೆ. ಬೂದಿ ನೀರಿನ ಮಡಕೆ ಅಟ್ಟದಿಂದ ನೇತಾಡುವ ಸಿಕ್ಕಕ್ಕೆ ಏರಿತು. ಅದೂ ಸುಡುವಂಥದ್ದೇ. ಹಂಡೆಗೆ ಹಾಕುವುದಕ್ಕೆ ಉಂಡು ಕುಡಿಯುವ ಯಾವ ಪಾತ್ರೆಯೂ ಬರಬಾರದು, ಒಡಕು ತೆಂಗಿನ ಗೆರಟೆಯಲ್ಲೇ ಹಾಕಬೇಕು. ಇದಕ್ಕೆ ಅತ್ತೆ ಎದುರಾಡಲಿಲ್ಲ.

ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ತಿಂಗಳಿಗೆ ಆಯಿತು. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಮೆತ್ತಗೆ ಕಲಸಿದ ಅನ್ನ ನುಂಗುತ್ತಿದ್ದಳು. ಆದರೆ ನಾವು ಉಂಡು ಕೈ ತೊಳೆದು ಎಲೆ ಅಡಿಕೆ ಹಾಕಿ ಮುಗಿಸಿದರೂ ಅವಳದು ಅರ್ಧವೂ ಆಗುತ್ತಿರಲಿಲ್ಲ. ಅವಸರ ಮಾಡಿದರೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡರೆ ಮುಖ ನೀಲಿ.

ಶಿರಾಲಿಯಲ್ಲಿ ನೆಂಟರ ಮನೆಯ ಉಪನಯನ. ಹೆಂಗಸರ ಪಂಕ್ತಿಯಲ್ಲಿ ಮಗಳನ್ನು ಕೂರಿಸುವುದು ಬೇಡ, ಒಳಗೆ ಗಂಜಿ ಕೊಡೋಣ ಎಂದೆ. ಮಗಳು ಹಟ ಹಿಡಿದು ಎಲೆಯ ಮುಂದೆ ಕೂತಳು. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಏಳಬೇಕು, ಒಬ್ಬರು ಎದ್ದರೆ ಉಳಿದವರು ಉಣ್ಣುವ ಹಾಗಿಲ್ಲ. ಎಲ್ಲರಿಗಿಂತ ಹಿರಿಯರು ಏಳುವವರೆಗೆ ಯಾರೂ ಏಳುವಂತಿಲ್ಲ. ಆ ದಿನ ಹಿರಿಯರು ನಮ್ಮ ಅತ್ತೆ.

ಅನ್ನ ಸಾರು ಆಯಿತು, ಪಾಯಸ ಆಯಿತು, ಮಜ್ಜಿಗೆ ಬಂದು ಹೋಯಿತು. ಎಲ್ಲರ ಎಲೆ ಬರಿದು. ನನ್ನ ಮಗಳು ಇನ್ನೂ ಸಾರನ್ನದಲ್ಲಿ. ಒಂದೊಂದೇ ಅಗುಳು ಜಗಿದು, ಕುತ್ತಿಗೆ ಮುಂದೆ ಚಾಚಿ ನುಂಗುತ್ತಿದ್ದಳು. ಜನ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ತುತ್ತು ದೊಡ್ಡದು ಮಾಡಿದಳು.

ಎದುರು ಸಾಲಿನವಳೊಬ್ಬಳು ಕೈ ಒಣಗಿಸಿಕೊಂಡು, "ಅತ್ತೇ, ಏಳುಲಕ್ಕಲ್ದಾ? ಎರಡನೇ ಪಂಕ್ತಿಯವ್ಕೆ ಹಸಿವು ಆಗ್ತು" ಎಂದಳು.

ಅತ್ತೆ ತಲೆ ಎತ್ತಲಿಲ್ಲ. ಅವರ ಎಲೆಯ ಮೇಲೆ ಏನೂ ಇರಲಿಲ್ಲ. ಖಾಲಿ ಎಲೆಯ ಮೇಲೆ ಬೆರಳು ಆಡಿಸುತ್ತಾ, ಬಡಿಸುವವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಎನಗೆ ಮಜ್ಜಿಗೆ ಬಂಜಿಲ್ಲೆ."

ಬಡಿಸುವವನು ಓಡಿ ಬಂದ. "ಆಗ ಹೊಯ್ದಿದ್ನಲೇ ಅಮ್ಮಾ?"

"ಬಂಜಿಲ್ಲೆ ಅಂದ್ರೆ ಬಂಜಿಲ್ಲೆ. ಮೊದಲು ಅನ್ನ ಹಾಕು. ಸ್ವಲ್ಪ ಸ್ವಲ್ಪ ಹಾಕಾ, ಎನಗೆ ಹಲ್ಲಿಲ್ಲೆ" ಎಂದರು.

ಅವರಿಗೆ ಹಲ್ಲೆಲ್ಲ ಇತ್ತು. ಅವನು ಅನ್ನ ಹಾಕಿದ. ಅತ್ತೆ ಒಂದು ಅಗುಳು ತೆಗೆದು ಬಾಯಿಗೆ ಹಾಕಿ, ಮೊಮ್ಮಗಳ ಕಡೆ ನೋಡದೆ, ಜಗಿಯಲು ಶುರುಮಾಡಿದರು. ಸಾಲಿಗೆ ಸಾಲೇ ಒಣಗಿದ ಕೈ ಹಿಡಿದುಕೊಂಡು ಕಾಯುತ್ತಾ ಕೂತಿತು. ನನ್ನ ಮಗಳು ತುತ್ತನ್ನು ಮತ್ತೆ ಸಣ್ಣದು ಮಾಡಿಕೊಂಡಳು.